ಸ್ಪಷ್ಟನೆ: ಹಳೆಯ 350ರ ಹೆಡರ್ 5.3 ಎಂಜಿನ್‌ಗೆ ಕೂರುವುದಿಲ್ಲ

ಅಮೆರಿಕದ 1967–72ರ ಷೆವರ್ಲೆ ಸಿ10 ಪಿಕಪ್‌ಗೆ 5.3 ಲೀಟರ್‌ನ ಎಲ್‌ಎಸ್ ಮಾದರಿ ಎಂಜಿನ್ (ಹೊಸ ಪೀಳಿಗೆಯ, ಎಂಟು ಸಿಲಿಂಡರಿನ ವಿ8) ಕೂರಿಸುವವರ ನಡುವೆ ಒಂದು ಮಾತು ಹರಿದಾಡುತ್ತಿದೆ: “ಎರಡೂ ಷೆವರ್ಲೆ ವಿ8 ತಾನೇ, ಹಳೆಯ 350ರ ಹೆಡರನ್ನೇ ಹಾಕಿ.” ಹೆಡರ್ ಎಂದರೆ ಎಂಜಿನ್‌ನ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಜೋಡಣೆ. ಈ ಮಾತು ತಪ್ಪು. 350 ಅಂದರೆ 350 ಘನ ಇಂಚಿನ ಹಳೆಯ ‘ಸ್ಮಾಲ್ ಬ್ಲಾಕ್’ ಎಂಜಿನ್; ಅದರ ಪ್ರತಿ ಬದಿಯಲ್ಲಿ ನಡುವಿನ ಎರಡು ಎಕ್ಸಾಸ್ಟ್ ಪೋರ್ಟ್‌ಗಳು (ಹೊಗೆ ಹೊರಬರುವ ತೂತುಗಳು) ಒಂದಕ್ಕೊಂದು ಅಂಟಿದಂತಿರುತ್ತವೆ. ಎಲ್‌ಎಸ್‌ನಲ್ಲಿ ಪ್ರತಿ ಬದಿಯ ನಾಲ್ಕೂ ಬಿಡಿಬಿಡಿಯಾಗಿವೆ. ಬೋಲ್ಟ್ ತೂತುಗಳೂ ಹೊಂದುವುದಿಲ್ಲ.

ಹಾಗಂತ ಯಾವುದೋ ಒಂದು ಎಲ್‌ಎಸ್ ಹೆಡರ್ ತಂದರೂ ಸಾಲದು. ಎಂಜಿನ್‌ನ ಹೆಡ್‌ಗೆ (ಈ ಪೋರ್ಟ್‌ಗಳಿರುವ ಭಾಗಕ್ಕೆ) ಕೂರುತ್ತದೆ ನಿಜ, ಆದರೆ ಸ್ಟೀರಿಂಗ್ ಶಾಫ್ಟ್‌ಗೋ ಚಾಸಿಸ್‌ಗೋ ತಾಗಬಹುದು. ಎಂಜಿನ್ ಒಂದಿಂಚು ಹಿಂದೆಮುಂದೆ ಕೂತರೂ ಜಾಗದ ಲೆಕ್ಕ ಬದಲಾಗುತ್ತದೆ, ಅಲ್ವಾ? ಆದ್ದರಿಂದ ದಯವಿಟ್ಟು ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ಆಧಾರ) ಮತ್ತು ಹೆಡರ್ ಎರಡನ್ನೂ ಒಟ್ಟಿಗೇ ಆರಿಸಿ. ಹೆಡರ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ತೆಳು ಹಾಳೆ) ಸರಿಯಾಗಿ ಕೂರಲಿ. ಅಲ್ಲಿ ಸೋರಿದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತಪ್ಪು ಹೇಳುತ್ತದೆ, ಪೆಟ್ರೋಲ್ ಸುಮ್ನೆ ಜಾಸ್ತಿ ಹೋಗುತ್ತದೆ.