ನಾಲ್ಕು ಸೆಂಟಿಮೀಟರ್ ಮೇಲೆ

ನಾನು ಕೋವಿ ಹಿಡಿದದ್ದೇ ಕರ್ನಾಟಕ ಬಿಟ್ಟ ಮೇಲೆ. ಮೊದಲು ಅಮೆರಿಕದಲ್ಲಿ, ಆಮೇಲೆ ಜರ್ಮನಿಯಲ್ಲಿ. ಎರಡು ಕಡೆಯೂ ರೈಫಲ್ ಜೀರೋ ಮಾಡುವುದನ್ನು, ಅಂದರೆ ಇಂತಿಷ್ಟು ದೂರಕ್ಕೆ ಗುರಿ ಇಟ್ಟ ಜಾಗಕ್ಕೇ ಗುಂಡು ಬೀಳುವ ಹಾಗೆ ಹೊಂದಿಸುವುದನ್ನು, ಬೇರೆ ಬೇರೆ ಥರ ಕಲಿತೆ. ಅಮೆರಿಕದಲ್ಲಿ ಕಲಿಸಿದವರು 100 ಗಜಕ್ಕೆ ಗುಂಡು ನಟ್ಟನಡುವೆ ಬೀಳುವ ಹಾಗೆ ಕೂರಿಸು, ಅದಕ್ಕಿಂತ ದೂರ ಇದ್ದರೆ ಲೆಕ್ಕ ಹಾಕಿ ಹೊಡಿ ಅಂದಿದ್ದರು. ಜರ್ಮನಿಯಲ್ಲಿ ಬಹಳ ಬೇಟೆಗಾರರು 100 ಮೀಟರಿಗೆ ಗುಂಡು 4 ಸೆಂಟಿಮೀಟರ್ ಮೇಲೆ ಬೀಳುವ ಹಾಗೆ ಕೂರಿಸುತ್ತಾರೆ. ಬೇಟೆಗೆ ಈ ಎರಡನೆಯದೇ ಸರಿ ಅಂತ ನನಗೆ ಅನ್ನಿಸಿದೆ.

ಯಾಕೆ ಅಂದರೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ನಳಿಗೆಗಿಂತ ಸುಮಾರು 4 ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಗುಂಡು ಕೆಳಗಿನಿಂದ ಹೊರಟು, ಮೇಲೇರಿ, ನಮ್ಮ ನೋಟದ ಗೆರೆಯನ್ನು ದಾಟಿ, ಮತ್ತೆ ಇಳಿಯುತ್ತಾ ಇನ್ನೊಮ್ಮೆ ದಾಟುತ್ತದೆ. ನಾವು ಜೀರೋ ಅನ್ನುವುದು ಈ ಎರಡನೇ ದಾಟನ್ನು.

ನನ್ನದು .308 ವಿಂಚೆಸ್ಟರ್ ಅನ್ನುವ ತೋಟಾ, 165 ಗ್ರೇನ್ (ಸುಮಾರು 10.7 ಗ್ರಾಂ) ತೂಕದ ಗುಂಡು, ವೇಗ ಸೆಕೆಂಡಿಗೆ 820 ಮೀಟರ್ ಆಸುಪಾಸು. 100 ಗಜಕ್ಕೆ ಕೂರಿಸಿದರೆ 200 ಮೀಟರಿನಲ್ಲಿ ಗುಂಡು 13-14 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 300ಕ್ಕೆ ಒಂದು ಮೊಳ ಕೆಳಗೆ. ಅದೇ 100 ಮೀಟರಿಗೆ 4 ಸೆಂಟಿಮೀಟರ್ ಮೇಲೆ ಕೂರಿಸಿದರೆ ಜೀರೋ ಸುಮಾರು 160 ಮೀಟರಿಗೆ ಹೋಗುತ್ತದೆ. 200ರಲ್ಲಿ ಬರೀ 5-6 ಸೆಂಟಿಮೀಟರ್ ಕೆಳಗೆ. ಅಂದರೆ 50ರಿಂದ 200 ಮೀಟರ್ ತನಕ ಎದೆಯ ನಡುವಿಗೇ ಗುರಿ ಇಟ್ಟು ಕೋವಿಯ ಕುದುರೆ (ಟ್ರಿಗರ್) ಎಳೆದರೆ ಸಾಕು. ಲೆಕ್ಕ ಬೇಡ.

ಈ ಲೆಕ್ಕವೇ ನನ್ನನ್ನು ಒಂದು ಸಂಜೆ ಕೆಡಿಸಿತ್ತು. ಹಳೇ 100ರ ಜೀರೋ ಇನ್ನೂ ಬದಲಿಸಿರಲಿಲ್ಲ. ಬೆಳಕು ಕಮ್ಮಿಯಾಗುತ್ತಿತ್ತು. ಮರಗಳ ಅಂಚಿಗೆ ಸಣ್ಣ ಜಾತಿಯ ಜಿಂಕೆಯೊಂದು ಬಂದು ನಿಂತಿತು. 200 ಮೀಟರ್ ಇರಬೇಕು ಅಂದುಕೊಂಡು ಬೆನ್ನಿನ ಗೆರೆಯ ಹತ್ತಿರಕ್ಕೆ ಗುರಿ ಎತ್ತಿ ಈಡು ಹೊಡೆದೆ. ಅದು ನೆಗೆದು ಓಡಿತು. ಹೋಗಿ ನೋಡಿದರೆ ಹುಲ್ಲಿನ ಮೇಲೆ ಒಂದು ಚಿಟಿಕೆ ಕೂದಲು, ರಕ್ತ ಇಲ್ಲ. ದೂರ ಅಳೆದೆ: 140. ಅಷ್ಟು ದೂರಕ್ಕೆ ಗುಂಡು ಇಳಿಯುವುದು 4 ಸೆಂಟಿಮೀಟರ್ ಮಾತ್ರ. ನಾನು ಎತ್ತಿದ್ದು ಒಂದು ಅಂಗೈಗಿಂತ ಜಾಸ್ತಿ. ಮರುದಿನ ನಾಯಿ ಕರೆದುಕೊಂಡು ಹೋಗಿ ಗಂಟೆಗಟ್ಟಲೆ ಹುಡುಕಿದೆವು. ಬರೀ ಸವರಿಕೊಂಡು ಹೋಗಿದೆ ಅಂತ ಗೊತ್ತಾಗುವ ತನಕ ನನಗೆ ಸಮಾಧಾನವಿರಲಿಲ್ಲ. ಪ್ರಾಣಿ ನೋವು ತಿನ್ನುತ್ತಾ ಎಲ್ಲೋ ಬಿದ್ದಿರಬಹುದು ಅನ್ನೋ ಯೋಚನೆ ಸಣ್ಣದಲ್ಲ.

ಆ ವಾರವೇ ಸ್ಕೋಪ್ ತಿರುಗಿಸಿದೆ. ನನ್ನ ಸ್ಕೋಪಿನ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗುಂಡು ಬೀಳುವ ಜಾಗ 100 ಮೀಟರಿನಲ್ಲಿ 1 ಸೆಂಟಿಮೀಟರ್ ಸರಿಯುತ್ತದೆ. ನಾಲ್ಕು ಕ್ಲಿಕ್, ಅಷ್ಟೇ ಕೆಲಸ.

ಹಾಗಂತ ಎಲ್ಲರಿಗೂ ಇದೇ ಅನ್ನುವುದಿಲ್ಲ. ಪೊದೆ ದಟ್ಟವಾಗಿ, 80 ಮೀಟರ್ ಆಚೆ ಏನೂ ಕಾಣದ ಕಡೆ ಬೇಟೆಯಾಡುವವರಿಗೆ 100ರ ಜೀರೋ ಚೆನ್ನಾಗಿಯೇ ನಡೆಯುತ್ತದೆ. ಕಾಗದದ ಗುರಿಗೆ ಹೊಡೆದು ಗುಂಡುಗಳು ಎಷ್ಟು ಒತ್ತೊತ್ತಾಗಿ ಬಿದ್ದಿವೆ ಅಂತ ನೋಡುವವರಿಗೂ ಅದೇ ಅನುಕೂಲ. ಆದರೆ ಯಾವುದಕ್ಕೇ ಕೂರಿಸಿದರೂ ದೂರಕ್ಕೆ ನಿಜವಾಗಿ ಹೊಡೆದು ನೋಡಬೇಕು. 25 ಮೀಟರಿಗೆ ಕೂರಿಸಿ, ಉಳಿದದ್ದನ್ನು ಮೊಬೈಲ್ ಹೇಳಲಿ ಅಂತ ಬಿಡುವವರನ್ನು ನೋಡಿದ್ದೇನೆ. 25ರಲ್ಲಿ 1 ಸೆಂಟಿಮೀಟರ್ ತಪ್ಪಿದರೆ 200ರಲ್ಲಿ ಅದು 8 ಆಗುತ್ತದೆ, ಅಲ್ವಾ? ತೋಟಾ ಬದಲಿಸಿದಾಗಲೂ ಮತ್ತೆ ಮೊದಲಿಂದ ನೋಡಬೇಕು. ತೂಕ ಒಂದೇ ಇದ್ದರೂ ಕಂಪನಿ ಬೇರೆಯಾದರೆ ಗುಂಡು ಬೇರೆ ಜಾಗಕ್ಕೆ ಬೀಳಬಹುದು.

ಇನ್ನು 300 ಮೀಟರ್. ಅಲ್ಲಿ ನನ್ನ ಈಗಿನ ಜೀರೋಗೂ ಮುಕ್ಕಾಲು ಮೊಳದಷ್ಟು ಇಳಿತ ಇದೆ. ಅಷ್ಟು ದೂರ ಪ್ರಾಣಿ ಕಂಡರೆ ನಾನು ಹೊಡೆಯುವುದಿಲ್ಲ. ಗಾಳಿ ನೋಡಿಕೊಂಡು ಹತ್ತಿರ ಹೋಗುತ್ತೇನೆ. ಆಗದಿದ್ದರೆ ತೋಟಾ ತೆಗೆದು ಮನೆಗೆ ಬರುತ್ತೇನೆ.