ಕುಬ್ಜ ಗ್ಯಾಲಕ್ಸಿ ಅಂದ್ರೆ ಬರೀ ತುತ್ತಲ್ಲ

'ಚಿಕ್ಕ ಗ್ಯಾಲಕ್ಸಿಯನ್ನು ನುಂಗಿದ ದೊಡ್ಡ ಗ್ಯಾಲಕ್ಸಿ!' ಈ ತಲೆಬರಹ ಓದಿ ಓದಿ ಸಾಕಾಗಿದೆ. ಸುಳ್ಳು ಅಂತಲ್ಲ, ಅರ್ಧ ಕಥೆ ಅಷ್ಟೇ. ದೊಡ್ಡವು ಕಿತ್ತಾಡುವ ಜಾಗದಲ್ಲೇ ಮರಿ ಗ್ಯಾಲಕ್ಸಿಗಳು ಹುಟ್ಟುವುದೂ ಉಂಟು. ಅದು ಮಾತ್ರ ಸುದ್ದಿಯಾಗುವುದೇ ಅಪರೂಪ.

2002ರಲ್ಲಿ ಹಬಲ್ ದೂರದರ್ಶಕ ತೆಗೆದ 'ಟ್ಯಾಡ್‌ಪೋಲ್' ಗ್ಯಾಲಕ್ಸಿಯ ಫೋಟೊ ಹುಡುಕಿ ನೋಡಿ. ಥೇಟ್ ಗೊದಮೊಟ್ಟೆ! ನಮ್ಮಿಂದ ಸುಮಾರು 42 ಕೋಟಿ ಜ್ಯೋತಿರ್ವರ್ಷ ದೂರ. ಬಾಲವೇ 2,80,000 ಜ್ಯೋತಿರ್ವರ್ಷ ಉದ್ದ. ಹತ್ತಿರ ಹಾದುಹೋದ ಇನ್ನೊಂದು ಗ್ಯಾಲಕ್ಸಿಯ ಗುರುತ್ವ ಎಳೆದಾಗ ಅನಿಲ, ನಕ್ಷತ್ರ ಎಲ್ಲ ಹಿಗ್ಗಿ ಬಾಲವಾಗಿದೆ. ಈಗ ಝೂಮ್ ಮಾಡಿ. ಬಾಲದಲ್ಲಿ ಎರಡು ಕಡೆ ನೀಲಿ ಗಂಟುಗಳಿವೆ, ನಡುವೆ ಖಾಲಿ ಜಾಗ. ಆ ನೀಲಿಯೆಲ್ಲ ಎಳೆಯ, ಬಿಸಿ ಜಾಸ್ತಿ ಇರುವ ನಕ್ಷತ್ರಗಳದು. ಮುಂದೆ ಈ ಗಂಟುಗಳು ಕುಬ್ಜ ಗ್ಯಾಲಕ್ಸಿಗಳಾಗಿ ತಾಯಿಯನ್ನೇ ಸುತ್ತಬಹುದು. ಇಂಥ ಬಾಲಗಳಲ್ಲಿ ಕುಬ್ಜಗಳು ಹುಟ್ಟಬಹುದು ಅಂತ ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ 1956ರಲ್ಲೇ ಹೇಳಿದ್ದರು.

ನನಗೆ ತುಂಬ ಇಷ್ಟವಾಗುವುದು ಈ ಮರಿಗಳ ವಿಚಿತ್ರ ಆಸ್ತಿ. ಮಾಮೂಲಿ ಕುಬ್ಜಗಳಲ್ಲಿ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಹೇರಳ, ಆಮ್ಲಜನಕ, ಕಬ್ಬಿಣದಂಥ ಭಾರ ಧಾತುಗಳು ಕಮ್ಮಿ. ಬಾಲದ ಮರಿಗಳಲ್ಲಿ ಇದು ಪೂರ್ತಿ ಉಲ್ಟಾ. ಅವುಗಳ ಅನಿಲ ದೊಡ್ಡ ಗ್ಯಾಲಕ್ಸಿಯಿಂದ ಬಂದದ್ದು, ಅಲ್ಲಿ ತಲೆಮಾರುಗಟ್ಟಲೆ ನಕ್ಷತ್ರಗಳು ಬೇಯಿಸಿದ ಧಾತುಗಳು ಅದರಲ್ಲಿ ಆಗಲೇ ಬೆರೆತಿರುತ್ತವೆ. ಡಾರ್ಕ್ ಮ್ಯಾಟರ್ ಮಾತ್ರ ಜೊತೆಗೆ ಬರಲ್ಲ. ಅದು ತಟ್ಟೆಯ ಹಾಗೆ ಒಟ್ಟಾಗಿ ತಿರುಗದೆ, ಸುತ್ತಲೂ ಹರಡಿಕೊಂಡು ಎತ್ತೆತ್ತಲೋ ಜೋರಾಗಿ ಓಡಾಡುತ್ತಿರುತ್ತದೆ. ಪುಟ್ಟ ಗಂಟಿನ ಗುರುತ್ವಕ್ಕೆ ಅದನ್ನು ಹಿಡಿದಿಡುವ ತಾಕತ್ತಿಲ್ಲ.

ಲೆಕ್ಕ ಇಷ್ಟು ಸಲೀಸಾಗಿಯೇನೂ ಕುದುರಲಿಲ್ಲ ಅನ್ನಿ. ಎನ್‌ಜಿಸಿ 5291 ಅನ್ನೋ ಗ್ಯಾಲಕ್ಸಿಯ ಸುತ್ತ ಇಂಥ ಮರಿಗಳನ್ನು 2007ರಲ್ಲಿ ಅಳೆದಾಗ, ಕಾಣುವ ದ್ರವ್ಯದ ಎರಡು ಮೂರು ಪಟ್ಟು ತೂಕ ಸಿಕ್ಕಿತ್ತು. ಡಾರ್ಕ್ ಮ್ಯಾಟರ್ ಇರಬಾರದ ಕಡೆ ಈ ಕಾಣದ ತೂಕ ಎಲ್ಲಿಂದ ಬಂತು ಅಂತ ಗಲಾಟೆಯೋ ಗಲಾಟೆ. 2015ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದರೆ ಹೆಚ್ಚುವರಿ ತೂಕ ಮಾಯ! ಎರಡನೆಯದೇ ನನಗೆ ಸರಿ ಅನ್ನಿಸುತ್ತದೆ. ಆದರೂ ಇನ್ನೂ ತಿರುಗಿ ನೆಲೆಗೊಳ್ಳದ ಅನಿಲವನ್ನು ತೂಗುವುದು ಅಂದರೆ ಓಡಾಡುವ ಮಗುವನ್ನು ತಕ್ಕಡಿಯಲ್ಲಿ ಕೂರಿಸಿದ ಹಾಗೆ.

ತುತ್ತಾಗುವ ಕುಬ್ಜಗಳೂ ಇವೆ, ಇಲ್ಲ ಅನ್ನಲ್ಲ. 1994ರಲ್ಲಿ ಪತ್ತೆಯಾದ ಸ್ಯಾಜಿಟೇರಿಯಸ್ ಕುಬ್ಜವನ್ನು ನಮ್ಮ ಕ್ಷೀರಪಥ ಎಳೆದೂ ಎಳೆದೂ, ಅದರ ನಕ್ಷತ್ರಗಳು ರಿಬ್ಬನ್ ಥರ ನಮ್ಮ ಸುತ್ತ ಸುತ್ತಿಕೊಂಡಿವೆ.

ಇನ್ನು ದಕ್ಷಿಣದ ಆಕಾಶದಲ್ಲಿ ಬರಿಗಣ್ಣಿಗೇ ಕಾಣುವ ಮೆಗಲನ್ ಮೋಡಗಳು ಅನ್ನೋ ಎರಡು ಗ್ಯಾಲಕ್ಸಿಗಳು. ಎರಡೂ ನಮಗಿಂತ ಚಿಕ್ಕವು, ಆದರೂ ತಮ್ಮತಮ್ಮಲ್ಲೇ ಎಳೆದಾಡುತ್ತಿವೆ. ಆ ಎಳೆದಾಟದಲ್ಲಿ ಇಬ್ಬರ ನಡುವೆ ಅನಿಲದ ಒಂದು ಸೇತುವೆಯೇ ಬಿದ್ದಿದೆ. ಅದರೊಳಗೆ ಎಳೆಯ ನಕ್ಷತ್ರಗಳೂ ಕಂಡಿವೆ.