ಪ್ರಶ್ನೆ ಕೇಳಿದ್ದು ಆಕೆಯನ್ನು

ಇಂದು ಬೆಳಿಗ್ಗೆ ಮನೋವೈದ್ಯರ ಕೋಣೆಯ ಹೊರಗೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಖಿನ್ನತೆಯ ಚಿಕಿತ್ಸೆಗೆಂದು ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಪಕ್ಕದಲ್ಲಿ ನಲವತ್ತು ದಾಟಿದ ಹೆಂಗಸು, ಜೊತೆಗೆ ತಾಯಿ ಮತ್ತು ಅಣ್ಣ. ನರ್ಸ್ ಬಂದು, "ನಿದ್ದೆ ಹೇಗಿದೆ?" ಎಂದು ಆಕೆಯನ್ನು ಕೇಳಿದರು. "ಹಗಲೆಲ್ಲ ಮಲಗಿಯೇ ಇರುತ್ತಾಳೆ," ಎಂದ ಅಣ್ಣ. "ಊಟ?" "ಎಷ್ಟು ಬಡಿದುಕೊಂಡರೂ ತಿನ್ನುವುದಿಲ್ಲ," ಎಂದರು ತಾಯಿ. ಆಕೆ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮೂರನೆಯ ಪ್ರಶ್ನೆಗೆ ತಲೆಯನ್ನೂ ಎತ್ತಲಿಲ್ಲ.

ಮನೆಗೆ ಬಂದು ಎಷ್ಟು ಹೊತ್ತಾದರೂ ನನ್ನ ಸಿಟ್ಟು ಇಳಿದಿಲ್ಲ. ಖಿನ್ನತೆಯಲ್ಲಿ ಹಲವರಿಗೆ ಯೋಚನೆ, ನಡಿಗೆ, ಮಾತು ಎಲ್ಲವೂ ನಿಧಾನವಾಗುತ್ತವೆ. ಅದು ಕಾಯಿಲೆಯ ಲಕ್ಷಣ. ಒಂದು ಉತ್ತರಕ್ಕೆ ಅರ್ಧ ನಿಮಿಷ ಬೇಕಾಗಬಹುದು. ಆ ಅರ್ಧ ನಿಮಿಷವನ್ನು ನಾವೇಕೆ ಕೊಡುವುದಿಲ್ಲ?

1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಿಲ್ ಹೂಲಿ ಮತ್ತು ಜಾನ್ ಟೀಸ್‌ಡೇಲ್ ಎಂಬ ಸಂಶೋಧಕರು ಖಿನ್ನತೆಗೆ ಚಿಕಿತ್ಸೆ ಪಡೆದ ವಿವಾಹಿತರನ್ನು ಒಂದು ಸರಳ ಪ್ರಶ್ನೆ ಕೇಳಿದರು: ನಿಮ್ಮ ಸಂಗಾತಿ ನಿಮ್ಮನ್ನು ಎಷ್ಟು ಟೀಕಿಸುತ್ತಾರೆ? ಕಾಯಿಲೆ ಯಾರಲ್ಲಿ ಮರುಕಳಿಸಬಹುದು ಎಂಬುದನ್ನು ಉಳಿದೆಲ್ಲ ಅಳತೆಗಳಿಗಿಂತ ಚೆನ್ನಾಗಿ ತೋರಿಸಿದ್ದು ಆ ಉತ್ತರವೇ. ಆ ಉತ್ತರ ಬಂದದ್ದು ಕಾಯಿಲೆಯವರಿಂದಲೇ, ಮನೆಯವರಿಂದಲ್ಲ.

"ಮನೆಯವರು ಇಲ್ಲದಿದ್ದರೆ ಏನು ಗತಿ?" ಎನ್ನುತ್ತೀರಿ. ನಿಜ. ನನ್ನ ಖಿನ್ನತೆ ವಿಪರೀತಕ್ಕೆ ಹೋಗಿದ್ದ ಒಂದು ರಾತ್ರಿ ತಂಗಿ ಬಾಗಿಲು ಬಡಿಯದಿದ್ದರೆ ನಾನು ಇದನ್ನು ಬರೆಯಲು ಉಳಿದಿರುತ್ತಿರಲಿಲ್ಲ. ಜೀವಕ್ಕೆ ಅಪಾಯವಿದ್ದಾಗ ಯಾರ ಅಪ್ಪಣೆಗೂ ಕಾಯಬಾರದು. ಆದರೆ ಒಂದು ರಾತ್ರಿಗೆಂದು ಕೈಗೆ ಬಂದ ಅಧಿಕಾರವನ್ನು ವರ್ಷಗಟ್ಟಲೆ ಹಿಡಿದುಕೊಂಡು ಕೂರುವುದು ಯಾವ ನ್ಯಾಯ?

ಇದುವರೆಗೆ ಯಾರಿಗೂ ಹೇಳದ ಮಾತೊಂದಿದೆ. ಅಪ್ಪ ದಿನವೂ ನನ್ನ ಮಾತ್ರೆ ಎಣಿಸುತ್ತಿದ್ದರು. ಮೊದಲ ವಾರಗಳಲ್ಲಿ ಅದು ಬೇಕಾಗಿತ್ತು. ಎರಡು ವರ್ಷವಾದರೂ ನಿಲ್ಲಲಿಲ್ಲ. ನಕ್ಕರೆ "ಮಾತ್ರೆ ಹಿಡಿಯಿತು," ರೇಗಿದರೆ "ಮಾತ್ರೆ ಬಿಟ್ಟೆಯಾ?" ನನ್ನ ಸಿಟ್ಟೂ ನನ್ನದಾಗಿ ಉಳಿಯಲಿಲ್ಲ. ಕೊನೆಗೆ ಒಂದು ತಿಂಗಳು ಪ್ರತಿದಿನದ ಮಾತ್ರೆಯನ್ನು ಬಚ್ಚಲಿಗೆ ಹಾಕಿದೆ. ಎಣಿಕೆ ಸರಿಯಾಗಿಯೇ ಇತ್ತು. ಕಾಯಿಲೆ ಮರಳಿ ಬಂತು. ಅಪ್ಪನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಅವರು ನನ್ನನ್ನು ಏನೂ ಕೇಳುತ್ತಿರಲಿಲ್ಲ ಅಷ್ಟೇ. ಕೇಳಿದವಳು ತಂಗಿ: "ಅಕ್ಕಾ, ಡಾಕ್ಟರ ಹತ್ತಿರ ನಾನೂ ಒಳಗೆ ಬರಲೇ, ಹೊರಗೇ ಕೂರಲೇ?" ಅಂದು ನಾನು ಅತ್ತದ್ದು ದುಃಖಕ್ಕಲ್ಲ.

ಇಂದು ನರ್ಸ್ ಹೋದ ಮೇಲೆ ಆ ಹೆಂಗಸಿನ ಕಡೆ ತಿರುಗಿ, "ಕಿಟಕಿ ತೆರೆಯಲೇ?" ಎಂದೆ. ತಾಯಿ ಉತ್ತರಿಸಲು ಹೊರಟರು. ನಾನು ಆಕೆಯ ಮುಖದಿಂದ ಕಣ್ಣು ಕೀಳಲಿಲ್ಲ. ತುಂಬ ಹೊತ್ತು ಹಿಡಿಯಿತು.

"ಅರ್ಧ ಸಾಕು," ಎಂದರು.